ಮಾತ್ರೆ ಕೊಡುವ ಕಟ್ಟಡದಲ್ಲೇ ಆಗಬೇಕಾದ ಪರೀಕ್ಷೆ

2008ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರಿಗೆ ಸಂದಿತು. ಗರ್ಭಕೊರಳಿನ ಕ್ಯಾನ್ಸರ್‌ಗೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ ಕಾರಣ ಎಂದು ತೋರಿಸಿಕೊಟ್ಟವರು ಅವರು. ಉಳಿದ ಅರ್ಧ ಎಚ್‌ಐವಿಯನ್ನು ಪತ್ತೆ ಮಾಡಿದ ಫ್ರಾನ್ಸಿನ ಫ್ರಾನ್ಸ್ವಾಜ್ ಬಾರೆ-ಸಿನೂಸ್ಸಿ ಮತ್ತು ಲುಕ್ ಮೊಂಟನಿಯೇ ಅವರ ಪಾಲಾಯಿತು. ಕ್ಯಾನ್ಸರ್ ತರುವ ಎಚ್‌ಪಿವಿ 16ನೆಯ ಬಗೆಯ ಕುರಿತ ವರದಿ ಬಂದದ್ದು 1983ರಲ್ಲಿ, ಎಚ್‌ಐವಿಯ ಕುರಿತ ಮೊದಲ ವರದಿ ಬಂದದ್ದೂ ಅದೇ ವರ್ಷ.

ಪ್ರಶಸ್ತಿಯ ವೇದಿಕೆಯಲ್ಲಿ ಈ ಎರಡು ವೈರಸ್‌ಗಳು ಅಕ್ಕಪಕ್ಕ ಬಂದದ್ದು ಕಾಕತಾಳೀಯ ಇರಬಹುದು. ಹೆಣ್ಣಿನ ದೇಹದಲ್ಲಿ ಅವು ಜೊತೆಗೂಡುವುದಕ್ಕೆ ಮಾತ್ರ ಗಟ್ಟಿ ಕಾರಣಗಳಿವೆ. ಎರಡೂ ಬಹುಮಟ್ಟಿಗೆ ಲೈಂಗಿಕ ಸಂಪರ್ಕದಿಂದ ಹರಡುತ್ತವೆ. ಒಂದು ಮೈಯ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿದರೆ ಇನ್ನೊಂದು ಅದೇ ಅವಕಾಶದಲ್ಲಿ ಬೇರು ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಹಿಳೆಗೆ ಗರ್ಭಕೊರಳಿನ ಕ್ಯಾನ್ಸರ್ ಬರುವ ಅಪಾಯ ಉಳಿದ ಮಹಿಳೆಯರಿಗಿಂತ ಆರು ಪಟ್ಟು ಹೆಚ್ಚು. ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ಅದರಿಂದ ಸತ್ತರು ಎಂಬ ಅಂದಾಜಿದೆ. ಇಷ್ಟು ಸಾವು ತರುವ ಈ ಕಾಯಿಲೆಯನ್ನು ಕ್ಯಾನ್ಸರ್ ಆಗುವ ಎಷ್ಟೋ ವರ್ಷ ಮೊದಲೇ ಕಂಡುಹಿಡಿದು, ಕೆಲವೇ ನಿಮಿಷಗಳ ಚಿಕಿತ್ಸೆಯಿಂದ ಅಲ್ಲಿಗೇ ನಿಲ್ಲಿಸಬಹುದು.

ನಮ್ಮ ಆಸ್ಪತ್ರೆಗಳಲ್ಲಿ ಮಾತ್ರ ಈ ಎರಡು ವೈರಸ್‌ಗಳಿಗೆ ಬೇರೆ ಬೇರೆ ಮನೆ. ಎಚ್‌ಐವಿಗೆ ಅದನ್ನು ಹತೋಟಿಯಲ್ಲಿಡುವ ಮಾತ್ರೆ ಕೊಡುವ ಏಆರ್‌ಟಿ ಕೇಂದ್ರ, ಗರ್ಭಕೊರಳಿಗೆ ಸ್ತ್ರೀರೋಗ ವಿಭಾಗದ ಓಪಿಡಿ. ಹಲವು ಕಡೆ ನಡುವಿನ ದಾರಿ ನೂರು ಹೆಜ್ಜೆಯೂ ಇರುವುದಿಲ್ಲ. ಆ ನೂರು ಹೆಜ್ಜೆ ದಾಟಲಾಗದೆ ಹೆಣ್ಣುಮಕ್ಕಳು ಸಾಯುತ್ತಿದ್ದಾರೆ.

ಮಾತ್ರೆ ನುಂಗಿದರೂ ಉಳಿಯುವ ಅಪಾಯ

ಎಚ್‌ಪಿವಿ ಅಪರೂಪದ ಸೋಂಕಲ್ಲ. ಲೈಂಗಿಕ ಬದುಕು ಇರುವ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಹೊತ್ತಿನಲ್ಲಿ ತಗಲುವ ಸೋಂಕು ಅದು. ಆದ್ದರಿಂದ ಎಚ್‌ಪಿವಿ ಇದೆ ಎಂದಾಕ್ಷಣ ಯಾರ ನಡತೆಯನ್ನೂ ಅಳೆಯಲು ಹೊರಡುವುದು ತಪ್ಪು. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ರೋಗನಿರೋಧಕ ಶಕ್ತಿಯೇ ಅದನ್ನು ಹೊರದಬ್ಬುತ್ತದೆ. ಹಾಗೆ ಹೋಗದೆ ವರ್ಷಗಟ್ಟಲೆ ಉಳಿದುಕೊಂಡಾಗ, ಅದರಲ್ಲೂ 16 ಮತ್ತು 18ನೆಯ ಬಗೆಯ ವೈರಸ್‌ಗಳು ಉಳಿದಾಗ, ತೊಂದರೆ ಶುರು. ಜೀವಕೋಶ ಅಂಕೆ ಮೀರಿ ಬೆಳೆಯದಂತೆ ತಡೆಯುವ ಎರಡು ಮುಖ್ಯ ಪ್ರೋಟೀನ್‌ಗಳನ್ನು ಈ ವೈರಸ್ ನಿಷ್ಕ್ರಿಯಗೊಳಿಸುತ್ತದೆ. ಮೊದಲು ಮೇಲ್ಪದರದ ಕೆಲವು ಜೀವಕೋಶಗಳ ರೂಪ ಬದಲಾಗುತ್ತದೆ, ಆಮೇಲೆ ಇಡೀ ಪದರ ಕೆಡುತ್ತದೆ, ಕೊನೆಗೆ ಅದು ಒಳಗೆ ಕೊರೆದುಕೊಂಡು ಹೋಗುತ್ತದೆ. ಸಾಮಾನ್ಯವಾಗಿ ಇಷ್ಟಾಗಲು 15ರಿಂದ 20 ವರ್ಷ ಬೇಕು. ಚಿಕಿತ್ಸೆಯಿಲ್ಲದ ಎಚ್‌ಐವಿಯಂಥ ಕಾರಣದಿಂದ ನಿರೋಧಕ ಶಕ್ತಿ ಕುಗ್ಗಿದವರಲ್ಲಿ 5ರಿಂದ 10 ವರ್ಷ ಸಾಕು.

ಏಆರ್‌ಟಿ ಮಾತ್ರೆ ಈ ಅಪಾಯವನ್ನು ತಗ್ಗಿಸುತ್ತದೆ, ಬೇಗ ಶುರು ಮಾಡಿದಷ್ಟೂ ಹೆಚ್ಚು ತಗ್ಗಿಸುತ್ತದೆ. ಆದರೆ ಪೂರ್ತಿ ತೆಗೆಯುವುದಿಲ್ಲ. ವೈರಲ್ ಲೋಡ್ ರಿಪೋರ್ಟಿನಲ್ಲಿ ವೈರಸ್ ಕಾಣಿಸುತ್ತಿಲ್ಲ ಎಂದು ಬಂದರೆ ಅದು ಎಚ್‌ಐವಿಯ ಮಾತು ಮಾತ್ರ. ಆ ಮಾತ್ರೆಗಳು ಎಚ್‌ಪಿವಿಯನ್ನು ಕೊಲ್ಲುವುದಿಲ್ಲ. ಸಿಡಿ4 (ರೋಗನಿರೋಧಕ ಜೀವಕೋಶಗಳ ಎಣಿಕೆ) ಚೆನ್ನಾಗಿದೆ, ತೂಕ ಏರಿದೆ, ಹೊಲದ ಕೆಲಸಕ್ಕೂ ಹೋಗುತ್ತಿದ್ದೇನೆ ಎನ್ನುವ ಮಹಿಳೆ ತನಗಿನ್ನು ಯಾವ ಪರೀಕ್ಷೆಯೂ ಬೇಡ ಎಂದುಕೊಳ್ಳುವುದು ಸಹಜ. ಅವಳಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ.

ಇದರಲ್ಲಿ ಇನ್ನೂ ಒಂದು ಸಂಕಟವಿದೆ. ನಮ್ಮ ದೇಶದಲ್ಲಿ ಸರ್ಕಾರ ಉಚಿತ ಏಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಅದಕ್ಕೆ ಮೊದಲು ಸೋಂಕು ತಗಲಿದ ಎಷ್ಟೋ ಬಡ ಹೆಣ್ಣುಮಕ್ಕಳು ಕ್ಷಯಕ್ಕೋ ಬೇರಾವುದೋ ಸೋಂಕಿಗೋ ಬೇಗ ಬಲಿಯಾಗುತ್ತಿದ್ದರು, ಕ್ಯಾನ್ಸರ್ ಬೆಳೆಯುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ಈಗ ಬದುಕುತ್ತಿದ್ದಾರೆ. ಮಕ್ಕಳ ಮದುವೆ ಮಾಡುತ್ತಿದ್ದಾರೆ, ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಇಷ್ಟು ದೂರ ಕರೆತಂದ ಜೀವವನ್ನು ತಡೆಯಬಹುದಾದ ಕ್ಯಾನ್ಸರ್‌ಗೆ ಒಪ್ಪಿಸಿಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಹೆಣ್ಣುಮಕ್ಕಳು ಲೆಕ್ಕಕ್ಕೆ ಬಂದದ್ದು

ಎಚ್‌ಐವಿಗೂ ಗರ್ಭಕೊರಳಿಗೂ ಇರುವ ನಂಟನ್ನು ಅಧಿಕಾರಿಗಳು ಒಪ್ಪಿಕೊಂಡದ್ದು ಸುಲಭವಾಗಿ ಅಲ್ಲ. ಅಮೆರಿಕದಲ್ಲಿ 1980ರ ದಶಕದ ಏಡ್ಸ್ ವ್ಯಾಖ್ಯಾನ ರೂಪುಗೊಂಡದ್ದು ಮುಖ್ಯವಾಗಿ ಗಂಡಸರಲ್ಲಿ ಕಂಡ ಕಾಯಿಲೆಗಳ ಮೇಲೆ. ಹೆಣ್ಣುಮಕ್ಕಳಿಗೆ ಬರುತ್ತಿದ್ದ ಗರ್ಭಕೊರಳಿನ ಕ್ಯಾನ್ಸರ್ ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದಿದ್ದರೆ ಅಂಗವಿಕಲ ಭತ್ಯೆ ಪಡೆಯುವುದೂ ದುಸ್ತರ. ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್ ಜೈಲಿನಲ್ಲಿದ್ದಾಗ ಸಹಕೈದಿಗಳ ಏಡ್ಸ್ ನೆರವಿನ ಗುಂಪು ಕಟ್ಟಿದ್ದ ಕತ್ರೀನಾ ಹ್ಯಾಸ್ಲಿಪ್ ಎಂಬ ಕಪ್ಪು ಮಹಿಳೆ, ಬಿಡುಗಡೆಯಾದ ಮೇಲೆ ಇದರ ವಿರುದ್ಧ ಬೀದಿಗಿಳಿದರು. ವಕೀಲೆ ಟೆರ್ರಿ ಮೆಕ್‌ಗವರ್ನ್ ಸರ್ಕಾರದ ಮೇಲೆ ದಾವೆ ಹೂಡಿದರು. ಕೊನೆಗೆ 1993ರ ಜನವರಿಯಿಂದ ಗರ್ಭಕೊರಳಿನ ಕ್ಯಾನ್ಸರ್ ಏಡ್ಸ್ ಲಕ್ಷಣದ ಕಾಯಿಲೆಗಳ ಪಟ್ಟಿಗೆ ಸೇರಿತು. ಕತ್ರೀನಾ ಅದನ್ನು ನೋಡಲಿಲ್ಲ. ಕೆಲವೇ ವಾರಗಳ ಹಿಂದೆ, 1992ರ ಡಿಸೆಂಬರ್‌ನಲ್ಲಿ, ತೀರಿಕೊಂಡಿದ್ದರು.

ಸೋಂಕಿತ ಮಹಿಳೆಯ ಗರ್ಭಕೊರಳನ್ನು ಬೇರೆ ಇಲಾಖೆಯ ಕೆಲಸ ಎಂದು ಪಕ್ಕಕ್ಕಿಡುವ ಅಭ್ಯಾಸ ಎಷ್ಟು ಹಳೆಯದು ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಏನಿದು ಪರೀಕ್ಷೆ?

ಪರೀಕ್ಷೆಗಳು ಮುಖ್ಯವಾಗಿ ಮೂರು ಬಗೆ. ಹಳೆಯದು ಪ್ಯಾಪ್ ಸ್ಮಿಯರ್: ಗರ್ಭಕೊರಳ ಮೇಲಿನ ಜೀವಕೋಶಗಳನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದಕ್ಕೆ ನುರಿತ ಕಣ್ಣು, ಲ್ಯಾಬ್, ಮತ್ತೆ ಮತ್ತೆ ಮಾಡಿಸುವ ತಾಳ್ಮೆ ಎಲ್ಲವೂ ಬೇಕು.

ಎರಡನೆಯದು ವಿಐಎ. ಇದಕ್ಕೆ ಬೇಕಾದದ್ದು ಟೇಬಲ್ಲು, ಒಳ್ಳೆಯ ಬೆಳಕು, ಸ್ಪೆಕ್ಯುಲಮ್, ಹತ್ತಿ ಮತ್ತು ತೆಳುವಾದ ಅಸಿಟಿಕ್ ಆಮ್ಲ. ಅಡುಗೆಯ ವಿನೆಗರ್‌ನಲ್ಲಿರುವುದೂ ಅದೇ ಆಮ್ಲ. ಗರ್ಭಕೊರಳಿಗೆ ಅದನ್ನು ಹಚ್ಚಿ ಒಂದು ನಿಮಿಷ ಕಾಯಬೇಕು. ಕೆಟ್ಟ ಜೀವಕೋಶಗಳಿರುವ ಜಾಗ ಬೆಳ್ಳಗೆ ತಿರುಗುತ್ತದೆ. ತರಬೇತಿ ಪಡೆದ ನರ್ಸ್ ಇದನ್ನು ಮಾಡಬಲ್ಲರು, ಫಲಿತಾಂಶ ಅಲ್ಲೇ ಗೊತ್ತಾಗುತ್ತದೆ. ಟಾಟಾ ಸ್ಮಾರಕ ಆಸ್ಪತ್ರೆಯ ಸುರೇಂದ್ರ ಶಾಸ್ತ್ರಿ ಮತ್ತು ಸಂಗಡಿಗರು ಮುಂಬೈ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ನಡೆಸಿದ ಅಧ್ಯಯನದಲ್ಲಿ, ಈ ಪರೀಕ್ಷೆಯ ಸೌಲಭ್ಯ ಸಿಕ್ಕ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸಾವು ಶೇ 31ರಷ್ಟು ಇಳಿದಿತ್ತು. ವೈದ್ಯರಲ್ಲದ, ತರಬೇತಿ ಪಡೆದ ಕಾರ್ಯಕರ್ತೆಯರೇ ಅಲ್ಲಿ ಪರೀಕ್ಷೆ ಮಾಡಿದ್ದು. ವಿಐಎಗೂ ಮಿತಿಯಿದೆ. ನೋಡುವವರ ಅನುಭವದ ಮೇಲೆ ಫಲಿತಾಂಶ ನಿಂತಿರುತ್ತದೆ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದುಬಿಡುವುದರಿಂದ ಆ ವಯಸ್ಸಿನವರಿಗೆ ಅದು ಅಷ್ಟಾಗಿ ಒದಗುವುದಿಲ್ಲ.

ಮೂರನೆಯದು ಎಚ್‌ಪಿವಿ ಡಿಎನ್‌ಎ ಪರೀಕ್ಷೆ, ಈಗ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಆಯ್ಕೆಯಾಗಿ ಶಿಫಾರಸು ಮಾಡುವುದು ಇದನ್ನೇ. ನಮ್ಮ ಗಡಿಯಾಚೆಗಿನ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ ಆರ್. ಶಂಕರನಾರಾಯಣನ್ ಅವರ ತಂಡ ಸುಮಾರು 1.3 ಲಕ್ಷ ಗ್ರಾಮೀಣ ಮಹಿಳೆಯರನ್ನು ಒಳಗೊಂಡು ನಡೆಸಿದ, 2009ರಲ್ಲಿ ಪ್ರಕಟವಾದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಒಂದೇ ಒಂದು ಸಲ ಮಾಡಿದ ಎಚ್‌ಪಿವಿ ಪರೀಕ್ಷೆ ಮುಂದಿನ ಎಂಟು ವರ್ಷಗಳ ಸಾವನ್ನು ಹತ್ತಿರ ಹತ್ತಿರ ಅರ್ಧಕ್ಕಿಳಿಸಿತ್ತು. ಕಲಬುರಗಿ, ಬೀದರ್‌ಗೆ ಅಂಟಿಕೊಂಡ ಜಿಲ್ಲೆಯಲ್ಲಿ ಸಿಕ್ಕ ಈ ಪುರಾವೆಯಿಂದ ಬೇರೆ ದೇಶಗಳು ತಮ್ಮ ನೀತಿ ತಿದ್ದಿಕೊಂಡವು.

ಎಚ್‌ಪಿವಿ ಪರೀಕ್ಷೆಯ ದೊಡ್ಡ ಅನುಕೂಲವೆಂದರೆ ಮಾದರಿಯನ್ನು ಮಹಿಳೆ ತಾನೇ ತೆಗೆದುಕೊಡಬಹುದು. ಸಣ್ಣ ಬ್ರಶ್ಶನ್ನೋ ಸ್ವಾಬನ್ನೋ ಹಿಡಿದು ಶೌಚಾಲಯದ ಮರೆಯಲ್ಲಿ ಎರಡು ನಿಮಿಷದ ಕೆಲಸ. ಪರರ ಮುಂದೆ ಬಟ್ಟೆ ಸರಿಸಲು ಹಿಂಜರಿಯುವವರಿಗೆ ಇದು ವರ. ಕ್ಷಯ ಪರೀಕ್ಷೆಗೆಂದು ನಮ್ಮ ತಾಲ್ಲೂಕು ಆಸ್ಪತ್ರೆಗಳವರೆಗೂ ಬಂದಿರುವ ಟ್ರೂನ್ಯಾಟ್ ಯಂತ್ರದ ಹಿಂದೆ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನ ಸಂಶೋಧನೆಯಿದೆ. ಕೋವಿಡ್ ಕಾಲದಲ್ಲಿ ಆ ಯಂತ್ರವನ್ನು ಎಲ್ಲರೂ ಕಂಡಿದ್ದಾರೆ. ಎಚ್‌ಪಿವಿ ನೋಡುವ ಚಿಪ್ ಅದಕ್ಕೂ ಇದೆ. ಯಂತ್ರ ಊರಿನಲ್ಲೇ ಇರುವಾಗ ಅದನ್ನು ಈ ಕೆಲಸಕ್ಕೆ ಬಳಸಿಕೊಳ್ಳದಿರುವುದು ಸಾರ್ವಜನಿಕ ಹಣದ ವ್ಯರ್ಥ ಎಂದೇ ನಾನು ಭಾವಿಸುತ್ತೇನೆ.

ಎಚ್‌ಐವಿ ಇರುವವರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಬೇರೆಯೇ ಲೆಕ್ಕ ಹೇಳುತ್ತದೆ. ಉಳಿದವರಿಗೆ 30ರ ವಯಸ್ಸಿನಿಂದ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಸಾಕು. ಇವರಿಗೆ 25ರಿಂದಲೇ ಶುರುವಾಗಬೇಕು, 3ರಿಂದ 5 ವರ್ಷಕ್ಕೊಮ್ಮೆ ಆಗಬೇಕು. ಇವರಲ್ಲಿ ಎಚ್‌ಪಿವಿ ಸೋಂಕು ಹೆಚ್ಚು ಇರುವುದರಿಂದ, ಪಾಸಿಟಿವ್ ಬಂದವರೆಲ್ಲರಿಗೂ ನೇರವಾಗಿ ಚಿಕಿತ್ಸೆ ಕೊಡದೆ ವಿಐಎಯಂಥ ಎರಡನೆಯ ಪರೀಕ್ಷೆಯಿಂದ ಸೋಸಿ ನೋಡಬೇಕು. ಪುಣೆಯ ಪ್ರಯಾಸ್ ಸಂಸ್ಥೆ ಎಚ್‌ಐವಿ ಇರುವ ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಈ ಎಲ್ಲ ಪರೀಕ್ಷೆಗಳನ್ನೂ ಹೋಲಿಸಿ ನೋಡಿತ್ತು. ನಮ್ಮ ಪರಿಸರದಲ್ಲಿ, ನಮ್ಮ ಹೆಣ್ಣುಮಕ್ಕಳಲ್ಲಿ ಇದು ಆಗುವ ಕೆಲಸ ಎಂಬುದಕ್ಕೆ ಅದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ.

ಆ ನೂರು ಹೆಜ್ಜೆ

ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 2021ರ ಸರ್ಕಾರಿ ಅಂದಾಜಿನಂತೆ ಸುಮಾರು 24 ಲಕ್ಷ. ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು, ಸುಮಾರು 2.7 ಲಕ್ಷ. ಇವರಲ್ಲಿ ಮಹಿಳೆಯರ ಪಾಲು ದೊಡ್ಡದು. ಇನ್ನೊಂದೆಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನ ಮಹಿಳೆಯರನ್ನು ಕೇಳಿದಾಗ, ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಸಿಗಲಿಲ್ಲ.

ಸಾಮಾನ್ಯ ಮಹಿಳೆಯರನ್ನು ಹುಡುಕಿ, ಮನವೊಲಿಸಿ ಕರೆತರುವುದು ಕಷ್ಟ ಎಂಬುದನ್ನು ಒಪ್ಪೋಣ. ಏಆರ್‌ಟಿ ತೆಗೆದುಕೊಳ್ಳುವ ಮಹಿಳೆಯ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಅವಳ ಹೆಸರು ರಿಜಿಸ್ಟರಿನಲ್ಲಿದೆ. ಅವಳ ಫೋನ್ ನಂಬರ್ ಕೇಂದ್ರದಲ್ಲಿದೆ. ಮಾತ್ರೆ ಮುಗಿಯುವ ಹೊತ್ತಿಗೆ ತಾನಾಗಿಯೇ ಬಸ್ಸು ಹತ್ತಿ ಬರುತ್ತಾಳೆ, ಬಾರದಿದ್ದರೆ ಹುಡುಕಿಕೊಂಡು ಹೋಗುವವರಿದ್ದಾರೆ. ಆರೋಗ್ಯ ಇಲಾಖೆ ಇಷ್ಟು ಹತ್ತಿರದಿಂದ ಬಲ್ಲ ವಯಸ್ಕ ಮಹಿಳೆಯರು ಬೇರೆ ಯಾರೂ ಇರಲಿಕ್ಕಿಲ್ಲ. ರಾಷ್ಟ್ರೀಯ ಮಾರ್ಗಸೂಚಿಯೂ ಗರ್ಭಕೊರಳ ತಪಾಸಣೆಯನ್ನು ಇವರ ಆರೈಕೆಯ ಭಾಗವೆಂದೇ ಹೇಳುತ್ತದೆ. ಆದರೂ ಎಷ್ಟೋ ಕಡೆ ಆಗುವುದಿಷ್ಟೇ: ಚೀಟಿ ಬರೆದು, "ಗೈನಿಕ್‌ಗೆ ಹೋಗಿ ತೋರಿಸಿಕೊಳ್ಳಿ" ಎಂದು ಕಳಿಸುವುದು.

ಬಾಗಲಕೋಟೆ, ಬೆಳಗಾವಿ ಕಡೆ ಆಪ್ತಸಮಾಲೋಚಕಿಗೂ ಬಂದ ಮಹಿಳೆಗೂ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

"ಅಕ್ಕಾ, ಆ ಕೆಳಗಿನ ಪರೀಕ್ಷಾ ಮಾಡಿಸಿದ್ರೇನ?"

"ನನಗೇನೂ ತ್ರಾಸ ಇಲ್ರಿ ಮೇಡಂ. ನಮ್ಮ ಮನಿಯವರು ಹೋಗಿ ಹತ್ತ ವರ್ಷ ಆತು."

"ತ್ರಾಸ ಇಲ್ದಾಗನ ಮಾಡಸೂದದು."

"ಅಲ್ಲಿ ಈ ಬುಕ್ ತೋರಸಬೇಕಲ್ರಿ. ನಮ್ಮೂರ ಮಂದಿ ಇರ್ತಾರ."

ಈ ನಾಲ್ಕು ಮಾತಿನಲ್ಲಿ ಎಲ್ಲ ಅಡ್ಡಿಗಳೂ ಇವೆ. ನೋವಿಲ್ಲ ಎಂದರೆ ಕಾಯಿಲೆಯಿಲ್ಲ ಎಂಬ ನಂಬಿಕೆ ಮೊದಲನೆಯದು. ಕ್ಯಾನ್ಸರ್‌ಪೂರ್ವ ಹಂತದಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಇರುವುದಿಲ್ಲ. ಸಂಭೋಗದ ನಂತರ ರಕ್ತ ಕಾಣಿಸುವುದು, ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಹೋಗುವುದು, ವಾಸನೆಯ ಬಿಳಿಸೆರಗು ಇವೆಲ್ಲ ಬಂದಾಗ ತಡಮಾಡದೆ ಓಡಬೇಕು, ಆದರೆ ಅಷ್ಟರವರೆಗೆ ಕಾಯುವುದೇ ಅಪಾಯ. ಎರಡನೆಯದು ವಿಧವೆಯರು ಆಡುವ ಮಾತು. ಗಂಡನಿಂದಲೇ ಎಚ್‌ಐವಿ ತಗಲಿಸಿಕೊಂಡು, ಗಂಡನನ್ನೂ ಕಳೆದುಕೊಂಡ ಸಾವಿರಾರು ಹೆಣ್ಣುಮಕ್ಕಳು ಈ ರಾಜ್ಯದಲ್ಲಿದ್ದಾರೆ. ಸಂಬಂಧವೇ ಇಲ್ಲದ ಮೇಲೆ ಪರೀಕ್ಷೆ ಏಕೆ ಎಂಬ ಅವರ ಪ್ರಶ್ನೆಯೊಳಗೆ, ಪರೀಕ್ಷೆಗೆ ಹೋದರೆ ಜನ ಏನೆಂದುಕೊಂಡಾರು ಎಂಬ ಅಂಜಿಕೆಯೂ ಅಡಗಿದೆ. ಉತ್ತರ ಸರಳ: ಎಚ್‌ಪಿವಿ ಹತ್ತು ಹದಿನೈದು ವರ್ಷ ಸುಮ್ಮನೆ ಕೂತಿರಬಲ್ಲದು. ಅಂದು ತಗಲಿದ್ದು ಇಂದು ಕ್ಯಾನ್ಸರ್ ಆಗಬಹುದು.

ಕೊನೆಯ ಅಡ್ಡಿ ಆ ಬುಕ್, ಅಂದರೆ ಏಆರ್‌ಟಿ ಕೇಂದ್ರದ ಚಿಕಿತ್ಸಾ ಪುಸ್ತಕ. ಸ್ತ್ರೀರೋಗ ಓಪಿಡಿಯ ಸಾಲಿನಲ್ಲಿ ಎಚ್‌ಐವಿ ವಿಷಯ ಬಾಯಿಬಿಟ್ಟು ಹೇಳಿದಾಗ ಎದುರಿನವರ ಮುಖ ಬದಲಾಗುವುದನ್ನು, ಕೈಗವಸು ಎರಡಾಗುವುದನ್ನು, ತನ್ನ ಸರದಿ ಎಲ್ಲರ ಕೊನೆಗೆ ಸರಿಯುವುದನ್ನು ಒಮ್ಮೆ ಕಂಡವಳು ಮತ್ತೆ ಅತ್ತ ಹೋಗುವುದಿಲ್ಲ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಆಸ್ಪತ್ರೆಯಲ್ಲಿ ಇಂಥ ತಾರತಮ್ಯವನ್ನು ನಿಷೇಧಿಸುತ್ತದೆ, ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯ ಬಯಲು ಮಾಡುವುದನ್ನೂ ತಡೆಯುತ್ತದೆ. ಕಾಯ್ದೆ ಇದೆ ಎಂಬುದನ್ನು ಸಿಬ್ಬಂದಿಯೂ ತಿಳಿದಿರಬೇಕು, ಆ ಮಹಿಳೆಯೂ ತಿಳಿದಿರಬೇಕು.

ಜಾಂಬಿಯಾ ಮಾಡಿ ತೋರಿಸಿದ್ದು

ನಮಗಿಂತ ಬಡವಾದ ಜಾಂಬಿಯಾ ಈ ನೂರು ಹೆಜ್ಜೆಯನ್ನು ಇಲ್ಲವಾಗಿಸಿತು. 2006ರಲ್ಲಿ ರಾಜಧಾನಿ ಲುಸಾಕಾದಲ್ಲಿ ಅಮೆರಿಕದ ಸ್ತ್ರೀರೋಗ ಕ್ಯಾನ್ಸರ್ ತಜ್ಞ ಗ್ರೋಸ್‌ಬೆಕ್ ಪರ್ಹಾಮ್ ಮತ್ತು ಜಾಂಬಿಯಾದವರೇ ಆದ ಮುಲಿಂಡಿ ಮ್ವಾನಹಮುಂಟು ಕೆಲಸ ಶುರು ಮಾಡಿದಾಗ ದೇಶದಲ್ಲಿ ತಜ್ಞ ವೈದ್ಯರು ಬೆರಳೆಣಿಕೆಯಷ್ಟು. ಹಾಗಾಗಿ ಅವರು ನರ್ಸ್‌ಗಳನ್ನು ನಂಬಿದರು. ಎಚ್‌ಐವಿ ಚಿಕಿತ್ಸೆ ನಡೆಯುತ್ತಿದ್ದ ಸರ್ಕಾರಿ ಕ್ಲಿನಿಕ್‌ಗಳ ಆವರಣದಲ್ಲೇ ಒಂದು ಕೊಠಡಿ ಹಿಡಿದರು. ವಿಐಎ ಮಾಡಿದ ನರ್ಸ್ ಸಾಮಾನ್ಯ ಡಿಜಿಟಲ್ ಕ್ಯಾಮೆರಾದಲ್ಲಿ ಗರ್ಭಕೊರಳ ಚಿತ್ರ ತೆಗೆಯುತ್ತಿದ್ದರು, ಅನುಮಾನವಿದ್ದರೆ ಅದನ್ನು ದೂರದ ವೈದ್ಯರಿಗೆ ಕಳಿಸಿ ಅಭಿಪ್ರಾಯ ಕೇಳುತ್ತಿದ್ದರು. ಅದೇ ಚಿತ್ರವನ್ನು ಮಹಿಳೆಗೂ ತೋರಿಸುತ್ತಿದ್ದರು. ತನ್ನದೇ ದೇಹದ ಆ ಬಿಳಿ ಮಚ್ಚೆಯನ್ನು ಕಣ್ಣಾರೆ ಕಂಡವಳಿಗೆ ಚಿಕಿತ್ಸೆ ಏಕೆ ಬೇಕೆಂದು ವಿವರಿಸಿ ಹೇಳಬೇಕಾಗಿರಲಿಲ್ಲ. ಚಿಕಿತ್ಸೆಗೆ ತಕ್ಕ ಗಾಯವಾಗಿದ್ದರೆ ಅದೇ ದಿನ, ಅದೇ ಮೇಜಿನ ಮೇಲೆ ಆ ಪದರವನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಶೀತಲೀಕರಣದ ಚಿಕಿತ್ಸೆ.

ಇನ್ನೊಂದು ಜಾಣತನವನ್ನೂ ಅವರು ತೋರಿದರು. ಆ ಕೊಠಡಿಯನ್ನು ಎಚ್‌ಐವಿ ಇರುವವರಿಗೆಂದು ಮೀಸಲಿಡಲಿಲ್ಲ, ಎಲ್ಲ ಮಹಿಳೆಯರಿಗೂ ತೆರೆದಿಟ್ಟರು. ಸಾಲಿನಲ್ಲಿ ನಿಂತವರಲ್ಲಿ ಯಾರಿಗೆ ಸೋಂಕಿದೆ ಎಂದು ಯಾರೂ ಊಹಿಸುವಂತಿರಲಿಲ್ಲ. 2013ರ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಮಹಿಳೆಯರ ಪರೀಕ್ಷೆಯಾಗಿತ್ತು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ನರ್ಸ್‌ಗಳಿದ್ದಾರೆ, ಕೊಠಡಿಗಳಿವೆ, ಅಸಿಟಿಕ್ ಆಮ್ಲ ಅಗ್ಗ. ಕೊರತೆ ಇರುವುದು ಇದು ನಮ್ಮ ಕೆಲಸ ಎಂದು ಯಾರಾದರೂ ಒಬ್ಬರು ಹೊತ್ತುಕೊಳ್ಳುವುದರಲ್ಲಿ.

ಕಂಡುಹಿಡಿದ ಮೇಲೆ

ಪರೀಕ್ಷೆಯಲ್ಲಿ ಮಚ್ಚೆ ಕಂಡರೆ ಅದು ಕ್ಯಾನ್ಸರ್ ಎಂದಲ್ಲ, ಕ್ಯಾನ್ಸರ್ ಆಗದಂತೆ ತಡೆಯಲು ಇನ್ನೂ ಸಮಯವಿದೆ ಎಂದೇ ಹೆಚ್ಚಿನ ಸಲ ಅದರ ಅರ್ಥ. ಸಣ್ಣ ಗಾಯವಾದರೆ ಥರ್ಮಲ್ ಅಬ್ಲೇಶನ್, ಅಂದರೆ ಬಿಸಿ ಮೊನೆಯಿಂದ ಆ ಪದರವನ್ನು ಸುಡುವುದು. ಹಿಡಿಯಷ್ಟಿರುವ ಬ್ಯಾಟರಿ ಸಾಧನದಿಂದ ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಗಾಯ ದೊಡ್ಡದಿದ್ದರೆ ಅಥವಾ ಒಳಗೆ ಚಾಚಿದ್ದರೆ ವಿದ್ಯುತ್ ತಂತಿಯ ಕುಣಿಕೆಯಿಂದ ಆ ಭಾಗವನ್ನು ಕತ್ತರಿಸಿ ತೆಗೆಯುವ ಲೀಪ್ ಚಿಕಿತ್ಸೆ. ಚಿಕಿತ್ಸೆಯ ನಂತರ ನಾಲ್ಕಾರು ವಾರ ಸಂಭೋಗ ಬೇಡ ಎಂದು ಹೇಳುತ್ತಾರೆ. ಗಾಯ ಮಾಯಲು ಅದು ಬೇಕು, ಸಂಗಾತಿಯ ಹಿತಕ್ಕೂ ಬೇಕು.

ಎಚ್‌ಐವಿ ಇರುವವರಲ್ಲಿ ಈ ಗಾಯ ಮರುಕಳಿಸುವುದು ಹೆಚ್ಚು. ಕೆನ್ಯಾದಲ್ಲಿ ಇಂಥ 400 ಮಹಿಳೆಯರನ್ನು ಎರಡು ವರ್ಷ ಹಿಂಬಾಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೀತಲೀಕರಣ ಪಡೆದವರಲ್ಲಿ ಶೇ 30ರಷ್ಟು, ಲೀಪ್ ಆದವರಲ್ಲಿ ಶೇ 19ರಷ್ಟು ಮಂದಿಗೆ ಅದು ಮತ್ತೆ ಬಂದಿತ್ತು. ಆದ್ದರಿಂದ ಚಿಕಿತ್ಸೆಯಾದ ಒಂದು ವರ್ಷಕ್ಕೆ ಮರುಪರೀಕ್ಷೆ, ಅದರ ಮುಂದಿನ ವರ್ಷ ಮತ್ತೊಂದು. ತಪ್ಪಿಸುವಂತಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಲಬುರಗಿ, ಹಾವೇರಿ ಜಿಲ್ಲೆಗಳಲ್ಲಿ ಬಡ ಹೆಣ್ಣುಮಕ್ಕಳ, ಅದರಲ್ಲೂ ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣಗಳು ಕಳೆದ ದಶಕದಲ್ಲಿ ಬಯಲಾದವು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ "ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಲಾಗಿತ್ತು. ಕ್ಯಾನ್ಸರ್ ಭಯವನ್ನು ವ್ಯಾಪಾರಕ್ಕೆ ಬಳಸಿಕೊಂಡ ಈ ನಾಡಿನಲ್ಲಿ, ಕ್ಯಾನ್ಸರ್ ನಿಜವಾಗಿ ಬೆಳೆಯುತ್ತಿದೆಯೇ ಎಂದು ನೋಡುವ ಒಂದು ನಿಮಿಷದ ಪರೀಕ್ಷೆ ಮಾತ್ರ ಅವರಿಗೆ ಸಿಗಲಿಲ್ಲ. ಕ್ಯಾನ್ಸರ್‌ಪೂರ್ವ ಗಾಯಕ್ಕೆ ಸಾಮಾನ್ಯವಾಗಿ ಗರ್ಭಕೋಶ ತೆಗೆಯಬೇಕಿಲ್ಲ. ಯಾರಾದರೂ ಹಾಗೆಂದರೆ ಬಯಾಪ್ಸಿ ರಿಪೋರ್ಟ್ ಕೇಳಿ, ಇನ್ನೊಬ್ಬ ವೈದ್ಯರನ್ನು ಕಾಣಿ.

ಕ್ಯಾನ್ಸರ್ ಆಗಿಯೇ ಬಿಟ್ಟಿದ್ದರೂ ಎಚ್‌ಐವಿ ಇದೆ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೊ ಎಲ್ಲವೂ ಅವರಿಗೆ ಸಲ್ಲುತ್ತವೆ, ಏಆರ್‌ಟಿ ಮಾತ್ರ ನಿಲ್ಲಬಾರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವಿದೆ.

ಎಚ್‌ಐವಿಯೊಂದಿಗೇ ಹುಟ್ಟಿ ಬೆಳೆಯುತ್ತಿರುವ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಎಲ್ಲರಿಗಿಂತ ಮೊದಲು ಸಿಗಬೇಕು. ಇವರಿಗೆ ಒಂದು ಡೋಸ್ ಸಾಲದು, ಕನಿಷ್ಠ ಎರಡು, ಸಾಧ್ಯವಿದ್ದಲ್ಲಿ ಮೂರು ಡೋಸ್ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಗಾಗಲೇ ತಗಲಿದ ಸೋಂಕನ್ನು ಲಸಿಕೆ ಗುಣಪಡಿಸುವುದಿಲ್ಲ, ಹಾಗಾಗಿ ಲಸಿಕೆಯಾದವರಿಗೂ ಮುಂದೆ ಪರೀಕ್ಷೆ ಬೇಕು.

ಏಆರ್‌ಟಿ ತೆಗೆದುಕೊಳ್ಳುತ್ತಿರುವ ಓದುಗರಲ್ಲಿ ನನ್ನ ಮನವಿ ಇಷ್ಟು. ನಿಮಗೆ 25 ದಾಟಿದ್ದರೆ, ಮುಂದಿನ ಸಲ ಮಾತ್ರೆಗೆಂದು ಹೋದಾಗ ಮುಟ್ಟು ಇಲ್ಲದ ದಿನ ನೋಡಿಕೊಂಡು ಹೋಗಿ, "ನನ್ನ ಗರ್ಭಕೊರಳ ಪರೀಕ್ಷೆ ಯಾವಾಗ?" ಎಂದು ಆಪ್ತಸಮಾಲೋಚಕಿಯನ್ನು ನೀವೇ ಕೇಳಿ. ಮಾಡಿದ ದಿನಾಂಕ ಮತ್ತು ಫಲಿತಾಂಶವನ್ನು ಬುಕ್‌ನಲ್ಲಿ ಬರೆಸಿಕೊಳ್ಳಿ. ಒಬ್ಬರೇ ಹೋಗಲು ಅಳುಕಾದರೆ ನಿಮ್ಮ ಸಂಘದ ಗೆಳತಿಯನ್ನು ಕರೆದುಕೊಂಡು ಹೋಗಿ, ಅವಳಿಗೂ ಪರೀಕ್ಷೆಯಾಗಲಿ. ಎಲ್ಲಿ ಕೇಳಬೇಕೆಂದು ತಿಳಿಯದಿದ್ದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಕರೆ ಉಚಿತ.